ಟೈಗರನ ಮೂರು ಸ್ನಾನ

ನಾಯಿ ಮೈ ಕೆರೆದುಕೊಳ್ಳುವುದನ್ನು ನಾನು ಬಹಳ ಚೆನ್ನಾಗಿ ಅನುಕರಿಸುತ್ತೇನೆ. ನೌಕರಿಯ ಅರ್ಜಿಯಲ್ಲಿ ಬರೆಯುವಂಥ ವಿದ್ಯೆಯಲ್ಲ, ಒಪ್ಪಿದೆ. ಎಡಗಣ್ಣು ಅರ್ಧ ಮುಚ್ಚಿ, ತುಟಿಯನ್ನು ಒಂದು ಕಡೆಗೆ ಎಳೆದು, ಮೋಕ್ಷ ಎರಡೇ ಬೆರಳು ದೂರದಲ್ಲಿದೆ ಎಂಬಂತೆ ಮುಖ ಮಾಡಬೇಕು. ಕಾಲಿನ ಕೆಲಸ ಆಮೇಲೆ. ಈ ವಿದ್ಯೆಗೆ ನನ್ನ ಗುರು ಟೈಗರ್.

ಸಾವಿರದ ಒಂಬೈನೂರ ಎಂಬತ್ತರ ಆಚೀಚೆ, ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಮೆಟ್ಟಿಲ ಕೆಳಗೆ ವಾಸವಾಗಿದ್ದ ಕಂದು ನಾಯಿ ಅದು. ರೊಟ್ಟಿ ಹಾಕುವವಳು ನಮ್ಮವ್ವ, ಆದ್ದರಿಂದ ನಾಯಿ ನಮ್ಮದು. ಮೆಟ್ಟಿಲು ಸೊಸೈಟಿಯದು, ಆದ್ದರಿಂದ ಅದರ ಹಣೆಬರಹ ಚೇರ್ಮನ್ ಸಾವಂತರದು. ಆ ಬೇಸಿಗೆಯಲ್ಲಿ ಟೈಗರನ ಬೆನ್ನಿನ ಕೂದಲು ಉದುರಿ ಭೂಪಟ ಮೂಡಿತು. ಸಾವಂತರು ಮೂಗಿಗೆ ಕರವಸ್ತ್ರ ಹಿಡಿದು ತೀರ್ಪು ಕೊಟ್ಟರು: ತಿಂಗಳ ಕೊನೆಯ ಭಾನುವಾರದೊಳಗೆ ಕೆರೆತ ನಿಲ್ಲದಿದ್ದರೆ, "ಕುತ್ರಾ ಭಿವಂಡೀಲಾ!" ಎಂದರೆ, ನಾಯಿಯನ್ನು ಭಿವಂಡಿಗೆ ಸಾಗಿಸುವುದು; ಮಗ್ಗದ ಟೆಂಪೋವೊಂದು ದಿನವೂ ಅಲ್ಲಿಗೆ ಹೋಗುತ್ತಿತ್ತು. ಅವ್ವ ಅಂದು ಊಟ ಮಾಡಲಿಲ್ಲ.

ಪ್ರಶ್ನೆಯನ್ನು ನಾನು ಬೆಳಗಿನ ಲೋಕಲ್ ರೈಲಿಗೆ ಒಯ್ದೆ. ಬ್ರೀಫ್‌ಕೇಸಿನ ಮೇಲೆ ಇಸ್ಪೀಟಾಡುತ್ತ ಹೋಗುವ ನಮ್ಮ ಕನ್ನಡ ಗುಂಪಿಗೆ ತಿಳಿಯದ ರೋಗವಿಲ್ಲ. ವಾಸಿಯಾದ ರೋಗಿ ಮಾತ್ರ ಇನ್ನೂ ಸಿಕ್ಕಿಲ್ಲ.

"ಹುಳಿಮಜ್ಜಿಗೆ ಉಜ್ಜು ಮಾರಾಯ, ಮೇಲಿಂದ ತೆಂಗಿನೆಣ್ಣೆ. ನಾಯಿ ಫಳಫಳ!" ಎಂದರು ದಾದರಿನ ಹೋಟೆಲಿನ ಗಲ್ಲಾದಲ್ಲಿ ಕೂರುವ, ನಮ್ಮ ಕೆಳಮನೆಯ ಶೆಟ್ಟಿ ಮಾಮ.

"ಅದೇನ್ ನಾಯಿನೋ ದೋಸೇನೋ?" ಎಂದರು ಮೇಲಿನ ಮಹಡಿಯ ವಿಜಾಪುರದ ಪಾಟೀಲರು. "ಅರಬಿ ಒಗೆಯೋ ಸಾಬಾಣ ಹಚ್ಚಿ ಗಸಗಸ ತಿಕ್ಕಬೇಕ್ರೀ!"

ಬೇವಿನ ನೀರೇ ಸರಿ ಎಂದೆ ನಾನು. ಮೂವರೂ ಒಬ್ಬರನ್ನೊಬ್ಬರು ನೋಡಿ ನಕ್ಕು ಇಸ್ಪೀಟು ಕಲಸಿದೆವು. ಆಮೇಲೆ ಮೂವರೂ, ಒಬ್ಬರಿಗೊಬ್ಬರು ಹೇಳದೆ, ತಮ್ಮ ತಮ್ಮ ಔಷಧಿಯನ್ನು ಟೈಗರನ ಮೇಲೆ ಶುರು ಮಾಡಿದೆವು.

ಸ್ವರ್ಗದ ಬಾಗಿಲವರೆಗೆ ನಡೆದುಹೋದ ನಾಯಿಯೊಂದರ ಕಥೆ ನಮ್ಮಲ್ಲಿದೆಯಲ್ಲ, ಅದು ದಾರಿಯಲ್ಲಿ ಒಮ್ಮೆಯೂ ಕೆರೆದುಕೊಂಡಂತೆ ಯಾರೂ ಹೇಳಿಲ್ಲ. ಅದರ ಜೊತೆ ಹೊರಟವರಲ್ಲಿ ಸಲಹೆ ಕೊಡಬಲ್ಲವರೆಲ್ಲ ಅಷ್ಟರಲ್ಲಿ ಒಬ್ಬೊಬ್ಬರಾಗಿ ಉರುಳಿಬಿದ್ದಿದ್ದರು. ಟೈಗರನಿಗೆ ಆ ಭಾಗ್ಯವಿರಲಿಲ್ಲ. ವಾರದಲ್ಲಿ ಅದರ ಚರ್ಮ ಒಣಗಿ ಹಪ್ಪಳವಾಯಿತು, ಕೆರೆತ ಇಮ್ಮಡಿಸಿತು. ನೆಕ್ಕಿ ನೆಕ್ಕಿ ಎಣ್ಣೆಯನ್ನೆಲ್ಲ ಹೊಟ್ಟೆಗಿಳಿಸಿದ್ದೊಂದೇ ಅದಕ್ಕೆ ಸಿಕ್ಕ ಲಾಭ.

ಒಂದು ಮುಂಜಾನೆ ನಲ್ಲಿ ಬೇಗ ಬಂತು. ಮೂರು ಬಕೆಟ್ಟುಗಳು ಮೆಟ್ಟಿಲ ಕೆಳಗೆ ಮುಖಾಮುಖಿಯಾದವು. ಮೂವರು ಕಳ್ಳರನ್ನೂ ಅವ್ವ ಮೇಲಿಂದಲೇ ಹಿಡಿದಳು.

"ನಾ ಸತ್ತಾಗೂ ಇಷ್ಟು ಜಳಕ ಮಾಡ್ಸಂಗಿಲ್ಲ ನೀವು! ನಾಯೀನ ಬಿಡ್ರಿ, ಮೊದಲ ಅದು ಮಲಗೋ ಚೀಲ ಜಾಡಿಸ್ರಿ."

ಜಾಡಿಸಿದೆವು. ಚಿಗಟಗಳು ಸಾಸಿವೆ ಸಿಡಿದಂತೆ ಸಿಡಿದವು. ಆ ಹಳೆಯ ಗೋಣಿಯನ್ನು ಗೋದಾಮೊಂದರಿಂದ ಪ್ರೀತಿಯಿಂದ ಹೊತ್ತುತಂದು ಹಾಸಿದ್ದವನು ನಾನೇ. ಬೆಂಕಿಪೊಟ್ಟಣ ತರಲು ಮೊದಲು ಓಡಿದವನೂ ನಾನೇ.

ಗೋಣಿಯನ್ನು ಸುಟ್ಟೆವು. ಅವ್ವನ ಹಳೆಯ ಇಳಕಲ್ ಸೀರೆ ಬಿಸಿನೀರು ಕಂಡು, ಬಿಸಿಲು ಕಂಡು, ಹಾಸಿಗೆಯಾಯಿತು. ವಾರಕ್ಕೊಮ್ಮೆ ಅದಕ್ಕೆ ಮತ್ತೆ ಬಿಸಿನೀರು. ಮಜ್ಜಿಗೆ ಶೆಟ್ಟಿ ಮಾಮನ ಊಟಕ್ಕೆ, ಸಾಬೂನು ಪಾಟೀಲರ ಬನಿಯನ್ನಿಗೆ ಮರಳಿದವು. ಟೈಗರನಿಗೆ ಕುದಿಸಿ ಆರಿಸಿದ ಬೇವಿನ ನೀರಿನ ಒಂದೇ ಒಂದು ಸ್ನಾನ. ದಿನವೂ ಸಣ್ಣ ಹಲ್ಲಿನ ಹಣಿಗೆಯಿಂದ ಬಾಚಿ, ಸಿಕ್ಕ ಚಿಗಟವನ್ನು ಸಾಬೂನು ನೀರಿಗೆ ಹಾಕುವ ಶಿಕ್ಷೆ ನನ್ನ ಪಾಲಿಗೆ ಬಂತು.

ಕೊನೆಯ ಭಾನುವಾರ ಸಾವಂತರು ಗಡಿಯಾರ ನೋಡುತ್ತ ಹತ್ತು ನಿಮಿಷ ನಿಂತರು. ಟೈಗರ್ ಬೆನ್ನ ಮೇಲಿನ ಹೊಸ ತುಪ್ಪಳ ತೋರಿಸಿ ಗೊರಕೆ ಹೊಡೆಯಿತು. ಪಕ್ಕದಲ್ಲಿ ನಿಂತಿದ್ದ ನನಗೇ ತಡೆಯಲಾಗಲಿಲ್ಲ. ಎಡಗಣ್ಣು ತಾನಾಗಿ ಮುಚ್ಚಿತು, ಕೈ ಕಿವಿಯ ಹಿಂದೆ ಹೋಯಿತು.

"ಕುತ್ರಾ ಬರಾ ಝಾಲಾ," ಎಂದರು ಸಾವಂತರು. "ಹ್ಯಾಲಾ ಕಾಯ್ ಝಾಲಂ?"

ನಾಯಿ ವಾಸಿಯಾಯಿತು, ಇವನಿಗೇನಾಯಿತು ಎಂಬ ಪ್ರಶ್ನೆಗೆ ಅವ್ವನ ಬಳಿ ಉತ್ತರ ಸಿದ್ಧವಿತ್ತು: "ಟೆಂಪೋ ಹೆಂಗೂ ಹೊಂಟೈತಿ ಸಾಹೇಬ್ರ, ಇವನ್ನ ಹಾಕಿ ಕಳಸ್ರಿ!"

ಗುರುವಿಗೆ ರೋಗ ಬಿಟ್ಟಿತು. ಶಿಷ್ಯನಿಗೆ ವಿದ್ಯೆ ಇನ್ನೂ ಬಿಟ್ಟಿಲ್ಲ.