ಫ್ಯೂಸ್ ಕೈಯಲ್ಲಿತ್ತು, ದೀಪ ಉರಿಯುತ್ತಿತ್ತು

ಕೊರೋನಾ ಮುಗಿದ ಮರುವರ್ಷದ ಬೇಸಿಗೆ. ನಾನಾಗ ಚಿಕ್ಕೋಡಿಯಲ್ಲಿ ವಿದ್ಯುತ್ ಪರಿವೀಕ್ಷಕಿ. ನಿಪ್ಪಾಣಿಯಿಂದ ಅಥಣಿಯವರೆಗೆ ಎಲ್ಲಿಯಾದರೂ ಕರೆಂಟ್ ಹೊಡೆದು ಮನುಷ್ಯನೋ ಎಮ್ಮೆಯೋ ಬಿದ್ದರೆ, ಅಲ್ಲಿಗೆ ಹೋಗಿ ನೋಡಿ, ಯಾಕೆ ಹೀಗಾಯಿತು ಎಂದು ಬರೆದು ಕೊಡುವುದು ನನ್ನ ಕೆಲಸ. ಕರೆಂಟ್ ಕೊಡುವವರು ಬೇರೆ, ಅಪಘಾತದ ಕಾರಣ ಹೇಳುವವರು ಬೇರೆ. ನಾನು ಎರಡನೆಯವರ ಪೈಕಿಯವಳಾದ್ದರಿಂದ ಕರೆಂಟ್ ಕೊಡುವವರಿಗೂ ಬೇಡ, ತೆಗೆದುಕೊಳ್ಳುವವರಿಗೂ ಬೇಡ. ಈಗ ನಿವೃತ್ತಳಾಗಿದ್ದೇನೆ. ಅಂದಿನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಒಂದು ದಿನ ಕರೆಂಟ್ ಕಂಪನಿಯಿಂದ ಬಂದ ಕಾಗದ ಅರ್ಧ ಪುಟದ್ದು. ಲೈನ್‌ಮನ್ ಮಿಲಿಂದ ಕಾಂಬಳೆ ಫ್ಯೂಸ್ ತೆಗೆಯದೆ ಚಾಲೂ ಲೈನಿನ ಮೇಲೆ ಕೆಲಸ ಮಾಡಿ, ಶಾಕ್ ಹೊಡೆದು ಕಂಬದಿಂದ ಬಿದ್ದಿದ್ದಾನೆ. ಅಧಿಕಾರಿ ಸ್ಥಳಕ್ಕೆ ಹೋದಾಗ ಫ್ಯೂಸ್ ಜಾಗದಲ್ಲಿಯೇ ಇತ್ತು. ಆತನ ನಿರ್ಲಕ್ಷ್ಯವೇ ಕಾರಣ. ಸಾಕ್ಷಿಗೆ ಆ ಹೊಲದ ಮಾಲೀಕ ಭೀಮಗೌಡರ ಸಹಿ. ಕೊನೆಗೆ ಯಾರೋ "ಮದ್ಯಪಾನ ಮಾಡಿದ್ದಿರಬಹುದು" ಎಂದೂ ಸೇರಿಸಿದ್ದರು. ಅದಕ್ಕೆ ಆಧಾರ ಏನೂ ಇರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಮಿಲಿಂದನನ್ನು ಆಗಲೇ ಅಮಾನತು ಮಾಡಿದ್ದರು, ನನ್ನ ಸಹಿ ಬಿದ್ದರೆ ಮನೆಗೆ ಕಳಿಸುವುದಷ್ಟೇ ಬಾಕಿ.

ಕಂಪನಿಯ ಎಕ್ಸಿಕ್ಯೂಟಿವ್ ಇಂಜಿನಿಯರ್ ಫೋನ್ ಮಾಡಿದರು. "ಮೇಡಂ, ಇದ್ರಾಗ ನೋಡೂದೇನೂ ಇಲ್ಲ. ಕ್ಲಿಯರ್ ಕೇಸ್."

ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ ಶಬ್ದ ಆ ಕ್ಲಿಯರ್. ಮರುದಿನವೇ ಹೊರಟೆ.

ಮಿಲಿಂದನನ್ನು ಮಿರಜದ ದವಾಖಾನೆಯಿಂದ ರಾಯಬಾಗದ ಹತ್ತಿರದ ಅವನ ಮನೆಗೆ ತಂದಿದ್ದರು. ಗೋಡೆಯ ಮೇಲೆ ಬುದ್ಧನ ಪಟ, ಕೆಳಗೆ ಮಂಚ, ಮಂಚದ ಮೇಲೆ ಸೊಂಟ ಮುರಿದ ಗಟ್ಟಿಮುಟ್ಟಾದ ಮನುಷ್ಯ. ಬಲಗೈಯ ಬೆರಳುಗಳಿಗೆ ಸುಟ್ಟ ಗಾಯದ ಪಟ್ಟಿ. ಅವತ್ತು ಏನಾಯಿತು ಎಂದು ಕೇಳಿದೆ. ಟ್ರಾನ್ಸ್‌ಫಾರ್ಮರಿನಿಂದ ಮೂರನೆಯ ಕಂಬದ ಮೇಲೆ ಒಂದು ಫೇಸಿನ ಜಂಪರ್, ಅಂದರೆ ತಂತಿಯಿಂದ ತಂತಿಗೆ ಕಟ್ಟುವ ತುಂಡು, ಸುಟ್ಟು ಹೋಗಿತ್ತು. ಅದನ್ನು ಕಟ್ಟಲು ಏರಿದ್ದೆ ಎಂದ.

"ಏರೂಕಿಂತ ಮೊದಲ ಫ್ಯೂಸ್ ತಗದಿದ್ದಿಯೇನು?"

"ತಗದಿದ್ನಿ ಅಂತ ಅನಸ್ತೈತ್ರಿ."

"ಅನಸ್ತೈತಿ ಅಂದ್ರ ಏನು?"

"ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಿದ್ನಿ, ದೀಪ ಹತ್ತಲಿಲ್ಲ, ಆಮ್ಯಾಲ ಏರಿದ್ನಿ, ಹಿಂಗ ನೆಪ್ಪ ಐತ್ರಿ ಬಾಯಾರ. ಖರೆ ಎಲ್ಲಾರೂ ಫ್ಯೂಸ್ ಇತ್ತು ಅನ್ನಾಕತ್ತಾರಲ್ಲ. ಭೀಮಗೌಡ್ರು ಸುಳ್ಳ ಹೇಳೂ ಮನಷ್ಯಾ ಅಲ್ಲ. ತೆಲಿಗಿ ಪೆಟ್ಟ ಬಿದ್ದೈತಿ. ನನ್ನ ನೆಪ್ಪ ನನಗ ಖರೆ ಅನಸವಲ್ತು."

ಅವನ ಹೆಂಡತಿ ಸುಜಾತಾ ಬಾಗಿಲಲ್ಲಿ ನಿಂತಿದ್ದಳು. "ಮನ್ಯಾಗ ಬಲ್ಬ್ ಬದಲಿ ಮಾಡಬೇಕಾದ್ರೂ ಮೇನ್ ಬಂದ್ ಮಾಡೂ ಮನಷ್ಯಾರ್ರಿ ಇವ್ರು. ಹನಿ ಸೆರೆ ಮುಟ್ಟಿದವ್ರಲ್ಲ. ಈಗ ಉಣ್ಣಾಕ ಕುಂತ್ರ ತುತ್ತ ಕೈಯಾಗ ಹಿಡಕೊಂಡು, ನಾ ಮರತ್ನೇನ ಸುಜಾತಾ ಅಂತ ನನ್ನ ಕೇಳತಾರ. ನಾ ಏನ್ ಹೇಳ್ಲಿ?"

ಕೆಲಸ ಹೋಗುವ ಭಯವಿತ್ತು, ನಿಜ. ಆದರೆ ಅದಕ್ಕಿಂತ ದೊಡ್ಡದು ಹೋಗುತ್ತಿತ್ತು. ಸ್ವಂತ ಕೈ ಮಾಡಿದ ಕೆಲಸವನ್ನು ಸ್ವಂತ ತಲೆ ನಂಬದಂತೆ ಮಾಡಿಬಿಟ್ಟಿದ್ದರು ಆ ಮನುಷ್ಯನನ್ನು. ನನಗೆ ಮೈಯೆಲ್ಲ ಉರಿಯಿತು. ಆದರೆ ಉರಿದರೆ ವರದಿ ಆಗುವುದಿಲ್ಲ.

ಅಲ್ಲಿಂದ ನೇರವಾಗಿ ಅಪಘಾತದ ಜಾಗಕ್ಕೆ ಹೋದೆ. ಕುಡಚಿಯ ಆಚೆ, ಕೃಷ್ಣೆಯ ದಂಡೆಯ ಕಬ್ಬಿನ ಹೊಲಗಳು. ಒಂದು ಟ್ರಾನ್ಸ್‌ಫಾರ್ಮರ್, ಅದನ್ನು ಅಲ್ಲಿಯವರು ಟಿಸಿ ಎನ್ನುತ್ತಾರೆ. ಅದರಿಂದ ಮೂರು ಫೇಸ್, ಅಂದರೆ ಕರೆಂಟಿನ ಮೂರು ತಂತಿ. ಒಂದೊಂದಕ್ಕೂ ಒಂದೊಂದು ಬಿಳಿ ಪಿಂಗಾಣಿಯ ಫ್ಯೂಸ್. ನಿಯಮದ ಪ್ರಕಾರ ಕಂಬ ಏರುವ ಮೊದಲು ಮೇಲಿನ ದೊಡ್ಡ ಸ್ವಿಚ್ಚನ್ನೇ ಇಳಿಸಿ ಇಡೀ ಟಿಸಿ ಬಂದ್ ಮಾಡಬೇಕು. ಬೇಸಿಗೆಯಲ್ಲಿ ಹಾಗೆ ಮಾಡಿ ನೋಡಿ! ಮೂರು ಫೇಸ್ ಕರೆಂಟ್ ಬರುವುದೇ ದಿನಕ್ಕೆ ಕೆಲವು ತಾಸು, ಅಷ್ಟರೊಳಗೆ ಕಬ್ಬಿಗೆ ನೀರು ಹಾಯಬೇಕು. ಎಲ್ಲ ಪಂಪ್ ನಿಂತರೆ ಊರೇ ಲೈನ್‌ಮನ್ ಮೇಲೆ ಏರಿ ಬರುತ್ತದೆ. ಅದಕ್ಕೇ ಆ ಭಾಗದಲ್ಲಿ ಒಂದು ರೂಢಿ. ಯಾವ ತಂತಿಯ ಕೆಲಸವೋ ಆ ಒಂದೇ ಫ್ಯೂಸ್ ಕೀಳುವುದು, ಉಳಿದೆರಡು ಹಾಗೇ ಬಿಡುವುದು; ಆ ಎರಡರ ಮೇಲೆ ರೈತರು ಪಂಪನ್ನು ಹೇಗೋ ಎಬ್ಬಿಸಿಕೊಳ್ಳುತ್ತಾರೆ. ಮೇಲಿನವರಿಗೆಲ್ಲ ಇದು ಗೊತ್ತು. ಗೊತ್ತಿಲ್ಲದಂತೆ ಇರುವುದಕ್ಕೆ ಅವರಿಗೆ ಸಂಬಳ ಬರುತ್ತದೆ.

ಸುಟ್ಟಿದ್ದ ಜಂಪರ್ ನೋಡಬೇಕಿತ್ತು. ಮಿಲಿಂದ ಮಾಡಿದ್ದನ್ನೇ ಮಾಡಿ ನೋಡೋಣ ಎಂದು ಜೊತೆಗೆ ಬಂದಿದ್ದ ಲೈನ್‌ಮನ್‌ನಿಂದ ಆ ಫೇಸಿನ ಫ್ಯೂಸ್ ಕೀಳಿಸಿದೆ. ಒಂದು ಫೇಸ್ ಹೋಗುತ್ತಲೇ ಸುತ್ತಲಿನ ಪಂಪ್‌ಗಳೆಲ್ಲ ತಾವಾಗಿ ನಿಂತವು. ಕಿತ್ತ ಫೇಸಿನ ಹೊಲದ ಕಡೆಯ ತಂತಿಗೆ ಟೆಸ್ಟ್ ಲ್ಯಾಂಪ್ ಹಚ್ಚಿದೆ. ಇದು ಒಂದರ ಹಿಂದೆ ಒಂದು ಜೋಡಿಸಿದ ಎರಡು ಬಲ್ಬು, ಅಷ್ಟೇ. ದೀಪ ಹತ್ತಲಿಲ್ಲ, ತಂತಿ ಸತ್ತಿತ್ತು. ದೀಪವನ್ನು ಅಲ್ಲೇ ತೂಗುಬಿಟ್ಟು ಮೂರನೆಯ ಕಂಬದತ್ತ ನಡೆದೆ.

ಅರ್ಧ ದಾರಿಯಲ್ಲಿ ಭೀಮಗೌಡರ ಪಂಪ್‌ಶೆಡ್ಡಿನಿಂದ ಗುರ್ ಎಂದು ದನಿ ಬಂತು. ಒಂದು ಪಂಪ್ ಒಲ್ಲದ ಮನಸ್ಸಿನಿಂದ ತಿರುಗತೊಡಗಿತ್ತು. ಹಿಂದಿರುಗಿ ನೋಡಿದರೆ ಟಿಸಿಯ ಬಳಿ ನಾನು ತೂಗುಬಿಟ್ಟ ದೀಪ ಹಳದಿಯಾಗಿ ಉರಿಯುತ್ತಿತ್ತು. ಫ್ಯೂಸ್ ಕೆಳಗೆ ಕಲ್ಲಿನ ಮೇಲೆ ಬಿದ್ದಿತ್ತು.

ಕಾಲೇಜಿನಲ್ಲಿ ಮೋಟರ್ ಯಾಕೆ ತಿರುಗುತ್ತದೆ ಎಂಬುದು ನನಗೆ ಮೊದಲ ಸಲ ಹೊಳೆದ ದಿನ ಖುಷಿಯಿಂದ ಊಟ ಸೇರಿರಲಿಲ್ಲ. ಅರ್ಥವಾಗುವುದೆಂದರೆ ಯಾವಾಗಲೂ ಹಾಗೇ ಎಂದುಕೊಂಡಿದ್ದೆ. ಆ ಹೊಲದಲ್ಲಿ ಎಲ್ಲವೂ ಒಂದೇ ಗಳಿಗೆಯಲ್ಲಿ ಅರ್ಥವಾಯಿತು, ಖುಷಿಯ ಮಾತೇ ಇರಲಿಲ್ಲ. ಮೋಟರ್ ಕರೆಂಟ್ ತಿನ್ನುವುದಷ್ಟೇ ಅಲ್ಲ, ತಿರುಗುವಾಗ ಹುಟ್ಟಿಸುತ್ತದೆ ಕೂಡ. ಎರಡು ಫೇಸಿನ ಮೇಲೆ ಅದನ್ನು ಹೇಗಾದರೂ ತಿರುಗಿಸಿದರೆ, ಕಿತ್ತಿಟ್ಟ ಮೂರನೆಯ ತಂತಿಗೆ ಅದೇ ಜೀವ ತುಂಬುತ್ತದೆ. ಟಿಸಿಯಿಂದ ಬರದ ಕರೆಂಟ್ ಹೊಲದಿಂದ ವಾಪಸ್ ಬರುತ್ತದೆ.

ಭೀಮಗೌಡರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಬಿಳಿ ಟೋಪಿಯ, ಸೌಮ್ಯ ಮುಖದ ಹಿರಿಯರು. "ಒಂದ ಫೇಸ್ ಹೋಗಿತ್ರಿ ಬಾಯಾರ. ಕಂಡೆನ್ಸರ್ ಮ್ಯಾಲ ಹಾಕಿದ್ನಿ."

ಕಂಡೆನ್ಸರ್ ಎಂದರೆ ಅಂಗೈಯಗಲದ ಡಬ್ಬಿ. ಮೂರು ಫೇಸ್ ಇಲ್ಲದಾಗಲೂ ಮೋಟರನ್ನು ಎರಡರ ಮೇಲೆ ಎಬ್ಬಿಸುತ್ತದೆ. ನಿಷಿದ್ಧ. ಆದರೆ ಯಾವ ಪಂಪ್‌ಶೆಡ್ಡಿಗೆ ಹೋದರೂ ಗೋಡೆಯ ಮೇಲೆ ಇದ್ದೇ ಇರುತ್ತದೆ.

"ಮಿಲಿಂದ ಬಿದ್ದ ದಿನಾನೂ ಹಿಂಗ ಹಾಕಿದ್ರೇನು?"

"ಹಾಕಿದ್ನಿ ಮತ್ತ. ಅವ ಫ್ಯೂಸ್ ತಗದ ಕಂಬ ಏರಿದ್ದ, ನಮ್ಮ ಮೋಟರಿಗೂ ಅವಂಗೂ ಏನ್ ಸಂಬಂಧರಿ?"

"ಫ್ಯೂಸ್ ತಗದಿದ್ದನಾ?"

"ತಗದಿದ್ನಲ್ಲ."

"ಮತ್ತ ಇತ್ತು ಅಂತ ಸಹಿ ಮಾಡಿರಲ್ಲ, ಗೌಡ್ರ?"

"ಕರೆಂಟ್ ಆಫೀಸಿನ ಸಾಹೇಬ್ರು ಬಂದಾಗ ಇತ್ರಿ. ಅವನ್ನ ಜೀಪಿನ್ಯಾಗ ಹಾಕಿ ಕಳಿಸಿದ ಮ್ಯಾಲ ನಾನ ಹಾಕಿದ್ನಿ. ಕರೆಂಟ್ ಹೋಗಾಕ ಇನ್ನಾ ಟೈಮ್ ಇತ್ತು, ಕಬ್ಬ ಒಣಗಾಕತ್ತಿತ್ತು. ಸಾಹೇಬ್ರು ಫ್ಯೂಸ್ ಐತೋ ಇಲ್ಲೋ ಅಂತ ಕೇಳಿದ್ರು, ಐತಿ ಅಂದ್ನಿ. ಯಾರ ಹಾಕಿದ್ರು ಅಂತ ಅವ್ರು ಕೇಳಲಿಲ್ಲ, ನಾ ಹೇಳಲಿಲ್ಲ."

ಅವರ ದನಿಯಲ್ಲಿ ಕಪಟವೇ ಇರಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ಬರಿಸಿತು. ಬಿದ್ದವನ ಬೆವರು ಆರುವ ಮೊದಲು ಫ್ಯೂಸ್ ವಾಪಸ್ ಹಾಕಿ ನೀರು ಬಿಟ್ಟುಕೊಂಡಿದ್ದರು; ಅದು ಹೇಳಬೇಕಾದ ಮಾತು ಎಂದೂ ಅವರಿಗೆ ಅನಿಸಿರಲಿಲ್ಲ. ನಾನು ಬಾಯಿ ಬಿಟ್ಟರೆ ಏನು ಬರುತ್ತದೋ ಎಂದು ಹೆದರಿ, "ಸೋಮವಾರ ಇಲ್ಲೇ ಇರ್ರಿ" ಎಂದಷ್ಟೇ ಹೇಳಿ ಜೀಪ್ ಹತ್ತಿದೆ.

ಎಕ್ಸಿಕ್ಯೂಟಿವ್ ಇಂಜಿನಿಯರಿಗೆ ಫೋನ್ ಮಾಡಿದರೆ ಅವರು ನಕ್ಕರು. "ಮೇಡಂ, ಫ್ಯೂಸ್ ತಗದಿದ್ರ ಲೈನ್ ಡೆಡ್. ಡೆಡ್ ಲೈನ್ ಶಾಕ್ ಹೊಡಿಯೂದಿಲ್ಲ. ಗೌಡ್ರಿಗೆ ಈಗ ಕನಿಕರ ಬಂದೈತಿ, ಹಂಗ ಹೇಳಾಕತ್ತಾರ." ಇಂಜಿನಿಯರಿಂಗ್ ಪದವಿ ಇದ್ದ ಮನುಷ್ಯನ ಮಾತು ಇದು. ಸೋಮವಾರ ಸ್ಥಳಕ್ಕೆ ಬನ್ನಿ, ಇಲ್ಲದಿದ್ದರೆ ನೀವು ಬರಲಿಲ್ಲವೆಂದೇ ಬರೆಯುತ್ತೇನೆ ಎಂದೆ. ಬಂದರು.

ಮಿಲಿಂದನನ್ನು ಟೆಂಪೋದಲ್ಲಿ ಮಲಗಿಸಿ ಕರೆತಂದಿದ್ದರು. ಟೆಂಪೋದ ಹಿಂಬಾಗಿಲು ತೆರೆದು, ಬೆನ್ನಿಗೆ ದಿಂಬು ಕೊಟ್ಟು ಕೂಡಿಸಿದೆವು. ಹೊಲದವರು ಒಂದಿಪ್ಪತ್ತು ಮಂದಿ ಸೇರಿದ್ದರು. ನಾನು ಫ್ಯೂಸ್ ಕೀಳಿಸಿ ಮಿಲಿಂದನ ಎಡಗೈಗೆ ಕೊಟ್ಟೆ. "ಇದನ್ನ ಹಿಡಕೊಂಡ ಕುಂಡ್ರು. ನಾ ಹೇಳೂತನಕ ಯಾರಿಗೂ ಕೊಡಬ್ಯಾಡ."

ತಂತಿಗೆ ದೀಪ ಹಚ್ಚಿದೆ. ಹತ್ತಲಿಲ್ಲ. ಎಕ್ಸಿಕ್ಯೂಟಿವ್ ಇಂಜಿನಿಯರ್ ನನ್ನತ್ತ ನೋಡಿದರು, ಆಯಿತಲ್ಲ ಎನ್ನುವಂತೆ. ನಾನು ಗೌಡರಿಗೆ ಕೈ ಮಾಡಿದೆ. ಅವರು ಶೆಡ್ಡಿನೊಳಗೆ ಹೋಗಿ ಕಂಡೆನ್ಸರ್ ಹಾಕಿದರು. ಮೋಟರ್ ಗುರುಗುಟ್ಟಿತು, ತಿರುಗಿತು, ದೀಪ ಹತ್ತಿತು.

ಮೀಟರ್ ಇಟ್ಟು ತೋರಿಸಿದೆ, ನೂರಾ ತೊಂಬತ್ತು ವೋಲ್ಟ್.

ಎಕ್ಸಿಕ್ಯೂಟಿವ್ ಇಂಜಿನಿಯರ್ ಸಾಹೇಬರು ಮೀಟರಿನತ್ತ ಬಗ್ಗಿ ನೋಡಿದರು. "ಇದು ಬಾಜೂ ತಂತಿಯಿಂದ ಬಂದ ಬರೇ ಇಂಡಕ್ಷನ್ ವೋಲ್ಟೇಜ್, ಮೇಡಂ. ಇದ್ರಾಗ ಜೀವ ಇರೂದಿಲ್ಲ."

"ಹಂಗಾರ ಮುಟ್ರಿ, ಸಾಹೇಬ್ರ."

ಅವರು ಮುಟ್ಟಲಿಲ್ಲ. ಅಷ್ಟೂ ಜನರ ಎದುರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಅವರ ಲಿಖಿತ ಉತ್ತರ ನಂತರ ಬಂತು, ನನಗೆ ಆ ಕೈಗಳೇ ಸಾಕಿತ್ತು.

ಗೌಡರು ಹೊರಗೆ ಬಂದು ದೀಪವನ್ನೂ ಮಿಲಿಂದನ ಕೈಯನ್ನೂ ನೋಡುತ್ತಿದ್ದರು. "ಫ್ಯೂಸ್ ಅವನ ಕೈಯಾಗ ಐತಿ. ದೀಪ ಹೆಂಗ ಹತ್ತೇತ್ರಿ?"

ಹೇಳಿದೆ. "ಗಾಣದ ಮರ ಮೂರು ಮಂದಿ ತಳ್ಳಾಕತ್ತಾರ ಅನಕೋರಿ. ಒಬ್ಬಾವ ಕೈ ಬಿಟ್ಟ. ಗಾಣ ನಿಂದರತೈತೇನು?"

"ಇಲ್ರಿ. ಇಬ್ಬರ ಮ್ಯಾಲ ತಿರಗತೈತಿ."

"ಕೈ ಬಿಟ್ಟಾವ ಅದ ದಾರ್ಯಾಗ ನಿಂತ್ರ?"

"ಮರ ಬಂದ ಬಡೀತೈತಿ." ಹೇಳುತ್ತ ಹೇಳುತ್ತ ಅವರ ಮುಖದ ಬಣ್ಣ ಇಳಿಯಿತು. ಲೆಕ್ಕ ಬಿಡಿಸಿದ ವಿದ್ಯಾರ್ಥಿಯ ಮುಖದಲ್ಲಿ ಬೆಳಕು ಮೂಡುವುದನ್ನು ನಾನು ನೋಡಿದ್ದೇನೆ. ಅರ್ಥವಾಗುತ್ತಲೇ ಮುಖ ಕಪ್ಪಾಗುವುದನ್ನು ಅವತ್ತೇ ನೋಡಿದ್ದು. "ಅಂದ್ರ ಬಾಯಾರ, ಅವನ್ನ ಬೀಳಿಸಿದಾಂವ ನಾನ?"

ಸಮಾಧಾನ ಹೇಳಬಹುದಿತ್ತು. ಹೇಳಲಿಲ್ಲ. "ಹೌದ್ರಿ. ನಿಮ್ಮ ಮೋಟರ್ ಬೀಳಿಸ್ತು, ನಿಮ್ಮ ಸಹಿ ಎದ್ದ ಕುಂಡ್ರಾಕ ಬಿಡಲಿಲ್ಲ."

ಅವರು ಟೋಪಿ ತೆಗೆದು ಬದುವಿನ ಮೇಲೆ ಕುಳಿತುಬಿಟ್ಟರು.

ಮಿಲಿಂದ ಅವರನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕೈಯಲ್ಲಿದ್ದ ಬಿಳಿ ಫ್ಯೂಸ್ ನೋಡಿದ, ದೀಪ ನೋಡಿದ, ಪಕ್ಕದಲ್ಲಿ ನಿಂತ ಹೆಂಡತಿಯ ಕಡೆ ತಿರುಗಿದ. "ಸುಜಾತಾ, ನಾ ತಗದಿದ್ನಿ." ಮತ್ತೊಮ್ಮೆ ಅಂದ, "ನಾ ತಗದಿದ್ನಿ." ಅವಳು ಸೆರಗು ಬಾಯಿಗೆ ಒತ್ತಿಕೊಂಡಳು.

ಇಲ್ಲಿಗೆ ಮುಗಿಯಬೇಕಿತ್ತು. ಗುಂಪಿನಲ್ಲಿದ್ದ ಒಬ್ಬ ರೈತ ಮುಂದೆ ಬಂದ. "ಬಾಯಾರ, ಎಲ್ಲಾ ತಿಳೀತ್ರಿ. ಇನ್ನ ಫ್ಯೂಸ್ ಹಾಕಸ್ರಿ. ಕರೆಂಟ್ ಹೋಗೂದ್ರಾಗ ನೀರ ಹಾಯಿಸ್ಕೋತೀವಿ."

ಏನು ತಿಳಿಯಿತಪ್ಪಾ ನಿನಗೆ, ಮಣ್ಣು? ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಮಿಲಿಂದ ಸುಟ್ಟ ಬೆರಳುಗಳ ಆ ಬಲಗೈಯನ್ನೂ ಸೇರಿಸಿ ಎರಡೂ ಕೈಯಿಂದ ಫ್ಯೂಸನ್ನು ನನ್ನತ್ತ ಚಾಚಿದ.

"ನೀವ ಹಾಕ್ರಿ, ಬಾಯಾರ. ಯಾರ ಹಾಕಿದ್ರು ಅಂತ ಈ ಸಲ ಎಲ್ಲಾರೂ ನೋಡ್ಲಿ."

ಗೌಡರಿಂದ ಮೋಟರ್ ಬಂದ್ ಮಾಡಿಸಿ ನಾನೇ ಹಾಕಿದೆ. ಎಲ್ಲರೂ ನೋಡಿದರು.

ಗೌಡರು ಹೇಳಿಕೆ ಬದಲಿಸಿದರು, ಅಮಾನತು ಹೋಯಿತು, ಮಿಲಿಂದ ಸಬ್‌ಸ್ಟೇಷನ್ನಿನಲ್ಲಿ ಕುಳಿತು ಮಾಡುವ ಕೆಲಸಕ್ಕೆ ಮರಳಿದ. ಕೋಲು ಹಿಡಿದೇ ನಡೆಯುತ್ತಾನೆ. ಸಾಹೇಬರು ಬರೆದ ಉತ್ತರದಲ್ಲಿ, ಆತ ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ರಾಡ್ ಬಳಸಿದ್ದರೆ ಅಪಘಾತ ಆಗುತ್ತಿರಲಿಲ್ಲ ಎಂದಿತ್ತು. ಸತ್ಯದ ಮಾತು. ಆ ಸೆಕ್ಷನ್ ಆಫೀಸಿಗೆ ಎಂದಾದರೂ ಒಂದು ರಾಡ್ ಕೊಟ್ಟಿದ್ದೀರಾ ಎಂದು ಕೇಳಿ ಬರೆದೆ. ಅದಕ್ಕೆ ಇಂದಿಗೂ ಉತ್ತರ ಬಂದಿಲ್ಲ. ಕಂಡೆನ್ಸರ್ ಡಬ್ಬಿಗಳು ಈಗಲೂ ಅಂಗಡಿಗಳಲ್ಲಿ ಸಿಗುತ್ತವೆ, ಭೀಮಗೌಡರ ಶೆಡ್ಡಿನಲ್ಲಿ ಮಾತ್ರ ಇಲ್ಲ, ಅಷ್ಟೇ.

ಕಿತ್ತ ತಂತಿ ಸತ್ತ ತಂತಿಯಲ್ಲ. ಇದನ್ನು ಹೊಸ ಹುಡುಗರಿಗೆ ಕಲಿಸಬಹುದು, ನಾನೂ ಕಲಿಸಿದ್ದೇನೆ. ಕುರ್ಚಿಯಲ್ಲಿ ಕುಳಿತವರಿಗೆ ಕಲಿಸಲಾಗದ್ದು ಬೇರೆ ಇದೆ. ಫ್ಯೂಸ್ ಇತ್ತೇ ಎಂದು ಕೇಳಿ, ಇತ್ತು ಎಂದು ಉತ್ತರ ಬಂದಮೇಲೆ, ಸಹಿ ಮಾಡುವ ಮುನ್ನ ಇನ್ನೊಂದು ಪ್ರಶ್ನೆ ಇರುತ್ತದೆ. ಯಾರು ಹಾಕಿದರು? ಅಷ್ಟು ಕೇಳಿದ್ದರೆ, ಒಬ್ಬ ಮನುಷ್ಯ ತಾನು ಮಾಡಿದ ಕೆಲಸವನ್ನು ತಾನು ಮಾಡಿದ್ದೆನೋ ಇಲ್ಲವೋ ಎಂದು ಹೆಂಡತಿಯನ್ನು ಕೇಳುತ್ತ ಕುಳಿತಿರುತ್ತಿರಲಿಲ್ಲ.