ಉಸಿರು ಕಲಿಸುವವಳ ಹೆದರಿಕೆ

ಮೊದಲ ಸಲ ಅದು ಬಂದದ್ದು ಬಸ್ಸಿನಲ್ಲಿ. ಕೊಪ್ಪದಿಂದ ಶೃಂಗೇರಿಗೆ ಹೊರಟಿದ್ದೆ, ಅಲ್ಲಿನ ಹೆಂಗಸರಿಗೆ ಪ್ರಾಣಾಯಾಮ ಹೇಳಿಕೊಡಲು. ಎದೆ ಹಿಡಿದಂತಾಯಿತು. ಕೈ ಜೋಮು ಹಿಡಿಯಿತು. ಉಸಿರು ಗಂಟಲಲ್ಲೇ ನಿಂತಿತು.

ಸಾಯುತ್ತಿದ್ದೇನೆ ಅನ್ನಿಸಿತು.

ಯಾರೋ ಇಳಿಸಿ ಆಸ್ಪತ್ರೆಗೆ ಸೇರಿಸಿದರು. ಇಸಿಜಿ, ಎಕೋ, ಎಲ್ಲ ನಾರ್ಮಲ್. ಮತ್ತೆ ಮತ್ತೆ ಹಾಗೇ ಆದಾಗ ನನ್ನ ಗಂಡ ಶಿವಮೊಗ್ಗದ ಮನೋವೈದ್ಯರೊಬ್ಬರಲ್ಲಿಗೆ ಕರೆದೊಯ್ದರು.

"ಹಾರ್ಟ್ ಚೆನ್ನಾಗಿದೆಯಮ್ಮ. ಇದು ಪ್ಯಾನಿಕ್ ಅಟ್ಯಾಕ್. ಮಾತ್ರೆ ಕೊಡ್ತೀನಿ, ಬಿಡದೆ ತಗೊಳ್ಳಿ."

ಹಾರ್ಟಿನದ್ದೇ ಆಗಬಾರದಿತ್ತೇ ಅಂದುಕೊಂಡೆ. ಅದನ್ನಾದರೆ ಹೇಳಿಕೊಳ್ಳಬಹುದಿತ್ತು. ಕೊಪ್ಪದಲ್ಲಿ ನಾನು ಯೋಗದ ಶೈಲಕ್ಕ. ನಿದ್ದೆ ಬಾರದವರು, ಬಿ.ಪಿ. ಇದ್ದವರು ನನ್ನ ಕ್ಲಾಸಿಗೆ ಬರುತ್ತಾರೆ. ಅಂಗಡಿ ಬಾಗಿಲಲ್ಲಿ ತಾಯಂದಿರು ಮಗಳಿಗೆ ನನ್ನನ್ನು ತೋರಿಸಿ, "ಇವ್ರನ್ನ ನೋಡಿ ಕಲಿ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಒಳಗೆ ಎದೆ ಹಾರುತ್ತಿತ್ತು. 'ಮನಸ್ಸು ನಮ್ಮ ಹಿಡಿತದಲ್ಲಿರಬೇಕು' ಎಂದು ಹೇಳುವಾಗ ಬೆನ್ನು ಬೆವರುತ್ತಿತ್ತು. ಕಾಯಿಲೆಗಿಂತಲೂ, ಅದು ಇವರೆಲ್ಲರ ಎದುರು ಬಂದುಬಿಟ್ಟರೆ ಎಂಬ ಹೆದರಿಕೆಯೇ ನನ್ನನ್ನು ಹಗಲಿಡೀ ತಿನ್ನತೊಡಗಿತು.

ಬಂದೇ ಬಂತು.

ಅವತ್ತು ಕ್ಲಾಸಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದರು. ನನ್ನ ಮಾತು ಅರ್ಧಕ್ಕೇ ನಿಂತಿತು. ಎದ್ದು ಓಡಬೇಕು ಅನ್ನಿಸಿದರೂ ಕಾಲು ಬರಲಿಲ್ಲ. ಒಬ್ಬೊಬ್ಬರೇ ಕಣ್ಣು ಬಿಟ್ಟರು.

"ಎಂತ ಆಯ್ತು ಶೈಲಾ? ಶುಗರ್ ಕಮ್ಮಿ ಆಯ್ತಾ?" ಮುಂದೆ ಕೂತಿದ್ದ ವಿಶಾಲಾಕ್ಷಮ್ಮ ಕೇಳಿದರು. ಮುತ್ತಿನಕೊಪ್ಪದ ಶಾಲೆಯಲ್ಲಿ ಮೇಡಮ್ ಆಗಿದ್ದು ರಿಟೈರ್ ಆದವರು.

ಹೌದು ಎಂದುಬಿಡಬಹುದಿತ್ತು.

"ಇಲ್ಲ. ಹೆದರಿಕೆ. ನಂಗೆ ಹೆದರಿಕೆ ಕಾಯಿಲೆ. ಮಾತ್ರೆ ತಗೋತಿದೀನಿ."

ವಿಶಾಲಾಕ್ಷಮ್ಮ ಪಕ್ಕಕ್ಕೆ ಬಂದು ಬೆನ್ನು ಸವರಿದರು. ನಿಧಾನಕ್ಕೆ ಉಸಿರು ಮರಳಿತು.

ಮುಂದಿನ ವಾರ ಕೆಲವರು ಬರಲಿಲ್ಲ. "ಅವ್ರಿಗೇ ಹಿಂಗಂತೆ, ನಮಗೆಂತ ಕಲಿಸ್ತಾರೆ ಮಾರಾಯ್ತಿ" ಎಂಬ ಮಾತು ಕಿವಿಗೆ ಬಿತ್ತು. ಕ್ಲಾಸು ನಿಲ್ಲಿಸಿಬಿಡೋಣ ಅಂದುಕೊಂಡೆ. ಆ ದಿನ ಕ್ಲಾಸು ಮುಗಿದು ಎಲ್ಲರೂ ಹೋದರೂ ವಿಶಾಲಾಕ್ಷಮ್ಮ ಹೋಗಲಿಲ್ಲ. ಮಡಿಸಿದ ಚಾಪೆಯನ್ನೇ ಮತ್ತೆ ಮಡಿಸುತ್ತಿದ್ದರು.

"ಆ ಡಾಕ್ಟ್ರ ಹತ್ರ ನನ್ನನ್ನೂ ಕರ್ಕಂಡು ಹೋಗ್ತೀಯಾ? ಇವ್ರು ತೀರಿಹೋದ ಮೇಲೆ ಒಬ್ಳೇ ಸ್ನಾನಕ್ಕೆ ಹೋಗಕ್ಕೂ ಹೆದರ್ತೀನಿ. ಯಾರಿಗೂ ಹೇಳಿಲ್ಲ."

ನನ್ನ ಗಂಡನೇ ಕಾರಿನಲ್ಲಿ ಇಬ್ಬರನ್ನೂ ಕರೆದುಕೊಂಡು ಹೊರಟರು. ಎನ್.ಆರ್. ಪುರ ದಾಟುವಾಗ ನನ್ನ ಎದೆ ಬಡಿತ ಏರಿತು. "ನಂಗೆ ಶುರುವಾಯ್ತು" ಎಂದೆ. ವಿಶಾಲಾಕ್ಷಮ್ಮ ನನ್ನ ಕೈ ಹಿಡಿದುಕೊಂಡರು. ಶಿವಮೊಗ್ಗ ಬರುವವರೆಗೂ ಬಿಡಲಿಲ್ಲ.

ಈಗಲೂ ಬರುತ್ತದೆ, ಮೊದಲಿಗಿಂತ ಕಡಿಮೆ. ಕ್ಲಾಸು ನಡೆಯುತ್ತಿದೆ. ಬರುವವರು ಸ್ವಲ್ಪ ಜನ, ಅವರೆದುರು ನಗಲೇಬೇಕೆಂದಿಲ್ಲ.