ಅವರು ಅರ್ಧಕ್ಕೆ ಬಿಟ್ಟ ಇಸ್ಪೀಟಾಟ

ನಮ್ಮ ಮನೆಯವರು ತೀರಿಕೊಂಡ ದಿನ ಅವರ ಲ್ಯಾಪ್‌ಟಾಪಿನಲ್ಲಿ ಇಸ್ಪೀಟಾಟ ಅರ್ಧಕ್ಕೆ ನಿಂತಿತ್ತು. ಒಬ್ಬರೇ ಆಡುವ ಆಟ. ಊಟಕ್ಕೆ ಬರ್ರಿ ಅಂತ ಕರೆದಿದ್ದೆ, ಮುಚ್ಚಳ ಇಳಿಸಿ ಎದ್ದು ಬಂದಿದ್ದರು. ಅಂದಿನಿಂದ ಆ ಮಷೀನನ್ನು ನಾನು ಪೂರ್ತಿ ಬಂದ್ ಮಾಡಿಲ್ಲ. ನಮ್ಮಲ್ಲಿ ದೀಪ ಆರಿಸು ಅನ್ನುವುದಿಲ್ಲ, ಶಾಂತ ಮಾಡು ಅನ್ನುತ್ತೇವೆ. ಇದನ್ನೂ ಹಾಗೇ ದಿನಾ ಮಲಗಿಸುತ್ತೇನೆ, ಚಾರ್ಜರ್ ಕೀಳುವುದಿಲ್ಲ.

ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಅದರಲ್ಲಿ ಅವರು ತುಂಬಿಟ್ಟ ಭಜನೆ ಹಚ್ಚುತ್ತೇನೆ. ಬಸವಕಲ್ಯಾಣದ ಈ ಮನೆಯಲ್ಲಿ ಆ ಹೊತ್ತಿಗೆ ಕೇಳುವ ಮನುಷ್ಯರ ದನಿ ಅದೊಂದೇ. ಈ ಶ್ರಾವಣದಲ್ಲಿ ಅದೂ ತೊದಲತೊಡಗಿತು. ಒಂದು ಸಾಲು, ನಿಂತು, ಮತ್ತೆ ಅರ್ಧ ಸಾಲು.

"ವೈನಿ, ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ, ಸರಿ ಆಗ್ತದ" ಅಂದಳು ಪಕ್ಕದ ಮನೆಯವಳು.

ಬಂದ್ ಮಾಡಿದರೆ ಆಟ ಹೋಗುತ್ತದೆ.

ಕಡೆಗೆ ಮಷೀನನ್ನು ಹಳೆ ಸೀರೆಯಲ್ಲಿ ಸುತ್ತಿ ಹುಮನಾಬಾದಿನ ಬಸ್ಸು ಹತ್ತಿದೆ. ಕೂಡಲು ಜಾಗ ಸಿಕ್ಕಿತು, ಶಿವನ ದಯೆ. ರಾಜೇಶ್ವರದಲ್ಲಿ ಹತ್ತಿದವಳು "ಕೂಸೇನ್ರಿ?" ಅಂದಳು. ನಕ್ಕೆ. ಮುಟ್ಟುವವರೆಗೆ ಬ್ಯಾಟರಿ ತಡೆಯಲಪ್ಪಾ ಅಂತ ದಾರಿತುಂಬ ಜಪಿಸಿದೆ.

ರಿಪೇರಿ ಅಂಗಡಿಯ ಭಾಯಿ ಮುಚ್ಚಳ ತೆರೆದು ನೋಡಿದರು. "ಅಮ್ಮಾ, ಮಲಗೂ ಮುಂದ ಪ್ರೊಸೆಸರ್ ತನ್ನ ವೇಗ ಇಳಿಸ್ಕೋತದ. ಎದ್ದ ಮ್ಯಾಲೆ ಏರಿಸ್ಕೋಬೇಕು. ಇದು ಏರಿಸ್ಕೊಳ್ಳೂದೇ ಬಿಟ್ಟದ. ನಿದ್ದಿಗಣ್ಣಾಗೇ ಓಡ್ಯಾಡಾಕತ್ತದ."

ನಮ್ಮ ಮನೆಯವರು ಹೋದ ಮೇಲೆ ನಾನೂ ಹಾಗೇ ಓಡಾಡಿದವಳು. ಬೇಗ ತಿಳಿಯಿತು.

"ಬಂದ್ ಮಾಡದ ಆಗೂದಿಲ್ಲೇನ್ರಿ ಭಾಯಿ?"

"ಆಗ್ತದ. ಎದ್ದ ಕೂಡಲೇ ವೇಗ ಏರಿಸು ಅಂತ ಒಂದು ಹುಕುಂ ಬರದಿಡ್ತೀನಿ."

ಬರೆಯುತ್ತಾ ಆಟ ಕಂಡು ನಕ್ಕರು. "ಬಾದಶಾನ ಕೆಳಗ ಈ ರಾಣಿ ಇಟ್ರ ಆಟ ಮುಗೀತದ. ಇಡ್ಲೇನು?"

"ಬ್ಯಾಡ್ರಿ! ಅದು ನಮ್ಮ ಮನಿಯವರ ಆಟ. ಅವರಿಲ್ಲ."

ಭಾಯಿ ಕೈ ಹಿಂದೆ ತೆಗೆದರು. ಬ್ಯಾಟರಿ ಎಷ್ಟು ಉಳಿದಿದೆ ನೋಡಿ ಹೇಳಿದರು, "ಹಂಗಾದ್ರ ಬರೇ ಮಲಗಿಸೂದು ಸಾಲಂಗಿಲ್ಲ. ಬ್ಯಾಟರಿ ತೀರಿದ್ರ ಎಲ್ಲಾ ಹೋಗ್ತದ. ಇನ್ನ ಮುಚ್ಚಳ ಇಳಿಸಿದ್ರ ಆಟ ಡಿಸ್ಕಿನಾಗ ಬರ್ಕೊಂಡ ಮಲಗೂ ಹಂಗ ಮಾಡ್ತೀನಿ. ಕರೆಂಟ್ ಇಲ್ಲದಿದ್ರೂ ಇರ್ತದ."

ಮುಚ್ಚಳ ಇಳಿಸಿದರು. ಮಷೀನಿನ ದೀಪ ಪೂರ್ತಿ ಹೋಯಿತು. ಕೊರಳಿನ ಲಿಂಗ ಮುಟ್ಟಿಕೊಂಡು ಕೂತೆ. ತೆರೆದಾಗ ಎಲೆಗಳೆಲ್ಲ ಇದ್ದಲ್ಲೇ ಇದ್ದವು.

ಈಗ ಬೆಳಿಗ್ಗೆ ಭಜನೆ ತೊದಲುವುದಿಲ್ಲ. ಮುಗಿದ ಮೇಲೆ ಒಂದು ಗಳಿಗೆ ಆ ಆಟ ನೋಡುತ್ತೇನೆ. ರಾಣಿಯನ್ನು ಎಲ್ಲಿಡಬೇಕೆಂದು ನನಗೂ ಗೊತ್ತು ಈಗ. ಇಡುವುದಿಲ್ಲ. ಮುಚ್ಚಳ ಇಳಿಸಿ ಶಾಂತ ಮಾಡುತ್ತೇನೆ.